ಹೇಳಿದ್ರೆ ಮೊಬೈಲ್ ಕಿತ್ಕೋತಾರೆ ಮಿಸ್

ಸಂಪಾದಕರಿಗೆ,

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಓದುಗರೊಬ್ಬರ ಪತ್ರ ಬಂದಿತ್ತು. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಕಂಪ್ಯೂಟರ್ ಪಾಠ ಯಾಕೆ, ಮೊದಲೇ ಮೊಬೈಲ್ ಹುಚ್ಚು, ಶಾಲೆಯಲ್ಲೂ ಅದನ್ನೇ ಕೊಟ್ಟರೆ ಮುಗೀತು ಕಥೆ ಅನ್ನುವುದು ಅವರ ವಾದ. ಅವರ ಸಿಟ್ಟು ಅರ್ಥವಾಗುತ್ತದೆ. ಆದರೆ ನಾನು ಸಣ್ಣ ತರಗತಿಗಳಿಗೆ ಇದೇ ಪಾಠ ಮಾಡುವವಳು. ಪರದೆಯ ಮುಂದೆ ಕೂರಿಸುವುದೇ ಕಂಪ್ಯೂಟರ್ ಪಾಠ ಅಂತ ಅವರು ಅಂದುಕೊಂಡದ್ದು ನೋಡಿ ಸುಮ್ನಿರಲು ಆಗಲಿಲ್ಲ.

ತಪ್ಪು ಅವರದ್ದಲ್ಲ ಬಿಡಿ. ನಾವು ಕಲಿಸುತ್ತಾ ಬಂದದ್ದೇ ಹಾಗೆ. ಮೌಸ್, ಮಾನಿಟರ್, ಕೀಬೋರ್ಡ್ ಚಿತ್ರ ಬರೆದು ಭಾಗಗಳನ್ನು ಹೆಸರಿಸಿ. ಸಿಪಿಯು ಪೂರ್ಣರೂಪ ಏನು? ಕಂಪ್ಯೂಟರಿನ ಪಿತಾಮಹ ಯಾರು? ಚಾರ್ಲ್ಸ್ ಬ್ಯಾಬೇಜ್. ಹತ್ತಕ್ಕೆ ಹತ್ತು! ಆಮೇಲೆ ವರ್ಷಕ್ಕೊಂದು ದಿನ ಯಾರೋ ಬಂದು ಆನ್‌ಲೈನ್ ಸುರಕ್ಷತೆ ಅಂತ ಭಾಷಣ ಮಾಡುತ್ತಾರೆ. ಗುರುತಿಲ್ಲದವರ ಜೊತೆ ಮಾತಾಡಬೇಡಿ, ಫೋಟೊ ಹಾಕಬೇಡಿ, ಲಿಂಕ್ ಒತ್ತಬೇಡಿ ಅಂತ ಸಾಲಾಗಿ ಬೇಡಗಳನ್ನು ಹೇಳಿ ಹೋಗುತ್ತಾರೆ. ಯಾಕೆ ಬೇಡ? ಅದನ್ನು ಹೇಳುವುದಿಲ್ಲ. ಹೇಳಬೇಕೆಂದರೆ ಈ ಯಂತ್ರ ಹೇಗೆ ಕೆಲಸ ಮಾಡುತ್ತದೆ ಅನ್ನುವ ಮಾತು ಬರಲೇಬೇಕಲ್ಲ. ನನ್ನ ತಕರಾರು ಇರುವುದೇ ಇಲ್ಲಿ. ಇವು ಎರಡು ಪಾಠಗಳಲ್ಲ, ಒಂದೇ.

ಫೋಟೊ ಕಳಿಸಿದರೇನಂತೆ, ಆಮೇಲೆ ಡಿಲೀಟ್ ಮಾಡಿದರಾಯ್ತು ಅಂತ ಮಕ್ಕಳು ನಂಬಿರುತ್ತಾರೆ (ದೊಡ್ಡವರೂ ಕೂಡ). ಈ ಪಾಠಕ್ಕೆ ನಾನು ಕಂಪ್ಯೂಟರ್ ಆನ್ ಮಾಡುವುದೇ ಇಲ್ಲ. ಚೀಟಿಯಲ್ಲಿ ಒಂದು ಮೀನು ಬರೆದು ಮೊದಲ ಬೆಂಚಿಗೆ ಕೊಡುತ್ತೇನೆ. ಅದನ್ನು ನೋಡಿ ತಾನೂ ಒಂದು ಮೀನು ಬರೆದುಕೊಂಡು ಪಕ್ಕದವರಿಗೆ ದಾಟಿಸಬೇಕು. ಕೊನೆಯ ಬೆಂಚು ಮುಟ್ಟಿದ ಮೇಲೆ ನನ್ನ ಚೀಟಿ ವಾಪಸ್ ತಗೊಂಡು, ಎಲ್ಲರ ಎದುರು ಚೂರು ಚೂರು ಮಾಡಿ, ಈಗ ಮೀನು ಹೋಯ್ತಾ ಅಂತ ಕೇಳುತ್ತೇನೆ. ಇಡೀ ತರಗತಿ ತಮ್ಮ ತಮ್ಮ ಮೀನು ಎತ್ತಿ ಹಿಡಿಯುತ್ತದೆ. ನೆಟ್‌ನಲ್ಲಿ ಕಳಿಸುವುದೆಂದರೆ ನಕಲು ಕೊಡುವುದು ಅಂತ ಆಮೇಲೆ ಜಾಸ್ತಿ ವಿವರಿಸಬೇಕಾಗಿಲ್ಲ.

ಪಾಸ್‌ವರ್ಡ್ ಪಾಠ ನನಗೆ ಇನ್ನೂ ಇಷ್ಟ, ಯಾಕೆಂದರೆ ಅದು ಬರೀ ಗುಣಾಕಾರ. ನಾಲ್ಕು ಅಂಕಿಯ ಪಿನ್ ಆದರೆ 10,000 ಬಗೆ. ಇಂಗ್ಲಿಷಿನ ಸಣ್ಣ ಅಕ್ಷರ ಎರಡಿದ್ದರೆ 26ನ್ನು 26ರಿಂದ ಗುಣಿಸಿ, 676. ನಾಲ್ಕು ಅಕ್ಷರಕ್ಕೆ 4,56,976. ಎಂಟಕ್ಕೆ ಹೋದರೆ 20,882 ಕೋಟಿ ದಾಟುತ್ತದೆ. ಐದನೇ ತರಗತಿಯವರು ಬೋರ್ಡಿನಲ್ಲಿ ಜಾಗ ಸಾಲದಷ್ಟು ಗುಣಿಸಿ ನಗುತ್ತಾರೆ. ಆಗ ಕೇಳಬೇಕು. ಕಳ್ಳ ಇಷ್ಟನ್ನೂ ಒಂದೊಂದಾಗಿ ಯಾಕೆ ಹುಡುಕ್ತಾನೆ, ನಿನ್ನ ಹೆಸರು, ಹುಟ್ಟಿದ ವರ್ಷ, 123456 ಇವನ್ನೇ ಮೊದಲು ಹಾಕಿ ನೋಡಲ್ವಾ? ಇಲ್ಲಾಂದ್ರೆ ಗೇಮ್‌ಗೆ ಪುಕ್ಕಟೆ ಕಾಯಿನ್ ಕೊಡ್ತೀನಿ ಪಾಸ್‌ವರ್ಡ್ ಹೇಳು ಅಂತ ನಿನ್ನನ್ನೇ ಕೇಳಿಬಿಟ್ಟರೆ? ಅಲ್ಲಿಗೆ ನಗು ನಿಲ್ಲುತ್ತದೆ. ಒಬ್ಬಿಬ್ಬರು ಈಗಾಗಲೇ ಹೇಳಿರುತ್ತಾರೆ.

ಇದೆಲ್ಲ ನನ್ನೊಬ್ಬಳ ಜಾಣತನ ಏನಲ್ಲ. ಮಕ್ಕಳಿಗಾಗಿಯೇ ಲೋಗೊ ಅನ್ನುವ ಕಂಪ್ಯೂಟರ್ ಭಾಷೆ ಬಂದದ್ದು 1967ರಲ್ಲಿ. ಮುಂದೆ ಅದಕ್ಕೊಂದು ಆಮೆ ಸೇರಿತು, ಇಷ್ಟು ಹೆಜ್ಜೆ ಮುಂದೆ ಹೋಗು, ಬಲಕ್ಕೆ ತಿರುಗು ಅಂತ ಅದಕ್ಕೆ ಹೇಳಿ ಚಿತ್ರ ಬರೆಸುವುದು. ಮಗು ಕಂಪ್ಯೂಟರಿಗೆ ಹೇಳಬೇಕೇ ಹೊರತು ಕಂಪ್ಯೂಟರ್ ಮಗುವನ್ನು ಕುಣಿಸಬಾರದು ಅನ್ನುವುದು ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಸೆಮೋರ್ ಪೇಪರ್ಟ್ ಅವರ ಹಟವಾಗಿತ್ತು. 2007ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಿಂದ ಸ್ಕ್ರ್ಯಾಚ್ ಬಂತು, ಬಣ್ಣದ ತುಂಡುಗಳನ್ನು ಜೋಡಿಸಿ ಮಕ್ಕಳೇ ಪ್ರೋಗ್ರಾಂ ಮಾಡುವ ಭಾಷೆ, 2014ರಲ್ಲಿ ಇನ್ನೂ ಚಿಕ್ಕವರಿಗೆ ಸ್ಕ್ರ್ಯಾಚ್ ಜೂನಿಯರ್. ಎರಡೂ ಪುಕ್ಕಟೆ. ಅದೇ 2014ರಿಂದ ಇಂಗ್ಲೆಂಡಿನ ಪಠ್ಯಕ್ರಮದಲ್ಲಿ ಐದು ವರ್ಷದ ಮಕ್ಕಳಿಂದಲೇ ಕಂಪ್ಯೂಟಿಂಗ್ ಇದೆ. ಸಣ್ಣ ಪ್ರೋಗ್ರಾಂ ಬರೆಯುವುದು, ಸ್ವಂತ ಮಾಹಿತಿ ಗುಟ್ಟಾಗಿಡುವುದು, ನೆಟ್‌ನಲ್ಲಿ ಏನೋ ಕಂಡು ಕಸಿವಿಸಿಯಾದರೆ ಯಾರ ಹತ್ತಿರ ಹೋಗಬೇಕು ಅನ್ನುವುದು, ಮೂರೂ ಅಲ್ಲಿ ಒಂದೇ ವಿಷಯದೊಳಗೆ ಬರುತ್ತವೆ. ಲ್ಯಾಬ್ ಇಲ್ಲ ಅನ್ನುವವರಿಗೆ ನ್ಯೂಜಿಲೆಂಡಿನಲ್ಲಿ ಶುರುವಾದ ಸಿಎಸ್ ಅನ್‌ಪ್ಲಗ್ಡ್ ಅನ್ನುವ, ಕಂಪ್ಯೂಟರ್ ಇಲ್ಲದೆಯೇ ಮಾಡುವ ಕಂಪ್ಯೂಟರ್ ಪಾಠಗಳಿವೆ, ಕಾಗದ, ಕಾರ್ಡು, ಸೀಮೆಸುಣ್ಣ ಸಾಕು.

ಇನ್ನು ವಯಸ್ಸಿನ ವಿಚಾರ. ಹೆಚ್ಚಿನ ಸೋಷಿಯಲ್ ಮೀಡಿಯಾ ಆ್ಯಪ್‌ಗಳು 13 ಆಗಿರಬೇಕು ಅನ್ನುತ್ತವೆ. ಆ ಅಂಕಿ ಬಂದದ್ದು ಅಮೆರಿಕದ 1998ರ ಒಂದು ಕಾನೂನಿನಿಂದ, 13ಕ್ಕಿಂತ ಚಿಕ್ಕವರ ಮಾಹಿತಿಯನ್ನು ಹೆತ್ತವರ ಒಪ್ಪಿಗೆ ಇಲ್ಲದೆ ಸಂಗ್ರಹಿಸಬಾರದು ಅಂತ. ಒಂಬತ್ತು ವರ್ಷದ ಮಗುವಿನ ಹುಟ್ಟಿದ ವರ್ಷ ತಿದ್ದಿ ಅಕೌಂಟ್ ಮಾಡಿಕೊಡುವವರು ಎಷ್ಟೋ ಸಲ ಮನೆಯವರೇ. ನೆಟ್‌ನಲ್ಲಿ ಯಾರು ಬೇಕಾದರೂ ಯಾವ ವಯಸ್ಸನ್ನಾದರೂ ಹೇಳಿಕೊಳ್ಳಬಹುದು ಅನ್ನುವುದನ್ನು ಮಗು ಅಲ್ಲೇ ಕಲಿಯುತ್ತದೆ. ಆದರೆ ಎದುರಿನವರೂ ಹಾಗೇ ಹೇಳಿಕೊಂಡಿರಬಹುದು ಅನ್ನುವುದು ಅದಕ್ಕೆ ಹೊಳೆಯುವುದಿಲ್ಲ. ಅದಕ್ಕೂ ನನ್ನ ಹತ್ತಿರ ಒಂದು ಚೀಟಿ ಆಟ ಇದೆ, ಪತ್ರ ಉದ್ದವಾಗುತ್ತದೆ, ಬೇಡ.

ನಾನು ಮುಖ್ಯವಾಗಿ ಬರೆಯಬೇಕೆಂದಿದ್ದು ಬೇರೆಯೇ. ಒಂದು ಮಗು, ಯಾವ ತರಗತಿ ಅನ್ನುವುದು ಬೇಡ, ಕೆಲವು ದಿನಗಳಿಂದ ಮಂಕಾಗಿ ಕೂರುತ್ತಿತ್ತು. ಗೇಮ್ ಚಾಟ್‌ನಲ್ಲಿ ಸಿಕ್ಕಿದ 'ಫ್ರೆಂಡ್' ಒಬ್ಬ ಮೊದಲು ಚೆನ್ನಾಗಿ ಮಾತಾಡಿ, ಫೋಟೊ ಕೇಳಿ, ಕೊಟ್ಟ ಮೇಲೆ ಇನ್ನೊಂದು ಕೊಡು, ಇಲ್ಲದಿದ್ದರೆ ಇದನ್ನು ಎಲ್ಲರಿಗೂ ಕಳಿಸ್ತೀನಿ ಅಂತ ಹೆದರಿಸುತ್ತಿದ್ದ. ಪುಣ್ಯಕ್ಕೆ ಅದು ಶಾಲೆಯ ಸಮವಸ್ತ್ರದಲ್ಲಿ ತೆಗೆದ ಸಾದಾ ಫೋಟೊ. ಆದರೆ ಮಗುವಿಗೆ ಅದು ಗೊತ್ತಾಗಬೇಕಲ್ಲ. ಮೂರು ವಾರ ಒಬ್ಬರಿಗೂ ಹೇಳಿರಲಿಲ್ಲ. ಮನೆಯಲ್ಲಿ ಯಾಕೆ ಹೇಳಲಿಲ್ಲ ಪುಟ್ಟಾ ಅಂತ ಕೇಳಿದೆ. ಹೇಳಿದ್ರೆ ಮೊಬೈಲ್ ಕಿತ್ಕೋತಾರೆ ಮಿಸ್, ಅಂತು.

ಆ ಮನೆಯವರಿಗೆ ಹೇಳಿದಾಗ ಅವರು ಮಾಡಿದ ಮೊದಲ ಕೆಲಸ ಅದೇ. ಮೊಬೈಲ್ ಕಿತ್ತುಕೊಂಡು, ಎರಡೇಟು ಹಾಕಿ, ಚಾಟ್ ಪೂರ್ತಿ ಅಳಿಸಿದರು. ಅವನ ಮಾತುಗಳ ಸ್ಕ್ರೀನ್‌ಶಾಟ್ ಕೂಡ ಉಳಿಯಲಿಲ್ಲ, ಯಾವ ಐಡಿ ಅನ್ನುವುದೂ ಹೋಯಿತು. ದೂರು ಕೊಡಲು ಕೈಯಲ್ಲಿ ಏನೂ ಇಲ್ಲ. ಅಳಿಸುವ ಮೊದಲು ಸ್ಕ್ರೀನ್‌ಶಾಟ್, ಆಮೇಲೆ ರಿಪೋರ್ಟ್, ಬ್ಲಾಕ್, ದೂರು ಅನ್ನುವ ಈ ಕ್ರಮವನ್ನು ನಾನು ಈಗ ಮಕ್ಕಳಿಗಿಂತ ಜಾಸ್ತಿ ಅಪ್ಪ ಅಮ್ಮಂದಿರಿಗೆ ಹೇಳುತ್ತೇನೆ. ಆ ಮಗು ಈಗಲೂ ನನ್ನ ತರಗತಿಯಲ್ಲಿದೆ. ಪಾಸ್‌ವರ್ಡ್ ಲೆಕ್ಕ ಎಲ್ಲರಿಗಿಂತ ಬೇಗ ಮಾಡುತ್ತದೆ. ಇನ್ನೊಂದು ಸಲ ಏನಾದರೂ ಆದರೆ ಮನೆಯಲ್ಲಿ ಹೇಳುತ್ತದಾ? ನನಗೆ ನಂಬಿಕೆ ಇಲ್ಲ.

ಹೋದ ಪೋಷಕರ ಸಭೆಯಲ್ಲಿ ಒಂದೇ ಪ್ರಶ್ನೆ ಕೇಳಿದೆ. ಮಗು ತಾನಾಗಿ ಬಂದು ತಪ್ಪು ಹೇಳಿಕೊಂಡರೆ ಮೊಬೈಲ್ ಕಿತ್ತುಕೊಳ್ಳುವುದಿಲ್ಲ ಅಂತ ಇವತ್ತೇ ಅದಕ್ಕೆ ಮಾತು ಕೊಡುವವರು ಎಷ್ಟು ಜನ? ಹಿಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಮಾತ್ರ ಕೈ ಎತ್ತಿದರು. ಮುಂದಿನ ಸಭೆಯಲ್ಲಿ ಮತ್ತೆ ಕೇಳುತ್ತೇನೆ.

ಇಂತಿ,
ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕಿ