ಹಾರಿದ ಮೇಲಿನ ಕೆಲಸ

ಚಿ. ಕಿರಣನಿಗೆ ದೊಡ್ಡಪ್ಪನ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ.

ನಿನಗೆ ಪ್ಯಾರಾಚೂಟ್ ರೆಜಿಮೆಂಟ್ ಸಿಕ್ಕಿದೆ, ಬೆಂಗಳೂರಿನ ಸೆಂಟರಿಗೆ ಹೋಗಬೇಕು ಅಂತ ನಿಮ್ಮಪ್ಪ ಹೇಳಿದ. ಬಹಳ ಖುಷಿಯಾಯಿತು. ಆದರೆ ನಿನ್ನ ಮೆಸೇಜಿನ ತುಂಬ ಪ್ಯಾರಾ ಸೈನಿಕರ ಮರೂನ್ ಟೋಪಿ ಮತ್ತು ಆಗ್ರಾದ ತರಬೇತಿಯ ಐದು ಜಂಪ್‌ಗಳದೇ ಮಾತು. ಇರಲಿ, ಈ ವಯಸ್ಸಿಗೆ ಅದೇ ಸರಿ. ನಾನು ಸ್ಯಾಪರ್, ಅಂದರೆ ಸೈನ್ಯದ ಇಂಜಿನಿಯರ್ ದಳದ ಸಿಪಾಯಿ ಆಗಿದ್ದವನು, ನೆಲ ಅಗೆದವನು. ಹಾಗಾಗಿ ನಿನ್ನ ಕಾಲು ನೆಲಕ್ಕೆ ತಾಗಿದ ಮೇಲಿನ ವಿಷಯ ಬರೆಯುತ್ತೇನೆ.

ವಿಯೆಟ್ನಾಂ ಯುದ್ಧದ ಜಂಕ್ಷನ್ ಸಿಟಿ ಕಾರ್ಯಾಚರಣೆಯ ಬಗ್ಗೆ ಓದು. 1967ರ ಫೆಬ್ರವರಿ 22ರ ಬೆಳಿಗ್ಗೆ ಅಮೆರಿಕದ 173ನೇ ಏರ್‌ಬೋರ್ನ್ ಬ್ರಿಗೇಡಿನ 800ಕ್ಕೂ ಹೆಚ್ಚು ಜನ 16 ವಿಮಾನಗಳಿಂದ ಹಾರಿದರು. ಇಳಿದದ್ದು ಕಾಟುಂ ಹತ್ತಿರ, ಕಾಂಬೋಡಿಯಾ ಗಡಿಯ ಪಕ್ಕದ ಕಾಡುಸೀಮೆಯಲ್ಲಿ. ಬ್ರಿಗೇಡಿನ ಜನರಲ್ ಜಾನ್ ಡೀನ್ ಅವರೂ ಹುಡುಗರ ಜೊತೆ ಹಾರಿದರು. ಕೆಲವರಿಗೆ ಸಣ್ಣಪುಟ್ಟ ಪೆಟ್ಟಾಯಿತು, ಅಷ್ಟೇ. ಆ ಇಡೀ ಯುದ್ಧದಲ್ಲಿ ಅಮೆರಿಕನ್ನರ ದೊಡ್ಡ ಪ್ಯಾರಾಚೂಟ್ ಇಳಿತ ಅಂತ ಇದ್ದದ್ದು ಇದೊಂದೇ.

ಯಾಕೆ ಹಾರಿದರು ಗೊತ್ತಾ? ಮುಖ್ಯ ಕಾರಣ ಹೆಲಿಕಾಪ್ಟರ್ ಸಾಲದೆ ಬಂದದ್ದು. ಅವತ್ತು ಸುಮಾರು 250 ಹೆಲಿಕಾಪ್ಟರ್‌ಗಳು ಸೇನೆಯನ್ನು ಕಾಡಿನ ಸುತ್ತ ಲಾಳದ ಆಕಾರದಲ್ಲಿ ಇಳಿಸುತ್ತಿದ್ದವು. ಒಂದು ಬೆಟಾಲಿಯನ್ ಹಾರಿಬಿಟ್ಟರೆ ಅಷ್ಟು ಹೆಲಿಕಾಪ್ಟರ್ ಉಳಿಯುತ್ತದಲ್ವಾ? ಅಂದರೆ ಪ್ಯಾರಾಚೂಟ್ ಅವರನ್ನು ಕೆಲಸದ ಜಾಗಕ್ಕೆ ತಲುಪಿಸಿತು. ಕೆಲಸ ಶುರುವಾದದ್ದು ಆಮೇಲೆ.

ಅವರು ಹುಡುಕಲು ಹೋದದ್ದು ಕಮ್ಯುನಿಸ್ಟ್ ಹೋರಾಟವನ್ನು ದಕ್ಷಿಣ ವಿಯೆಟ್ನಾಂನಲ್ಲಿ ನಡೆಸುತ್ತಿದ್ದ ಕೇಂದ್ರ ಕಚೇರಿಯನ್ನು. ಲಾಳದ ತೆರೆದ ಬಾಯಿಂದ ಟ್ಯಾಂಕುಗಳು ನುಗ್ಗಿದವು. ಸುಮಾರು ಮೂರು ತಿಂಗಳು ಕಾಡು ಜಾಲಾಡಿದರು. ಕಚೇರಿ ಸಿಗಲೇ ಇಲ್ಲ. ಅದು ಗಡಿಯಾಚೆ ಕಾಂಬೋಡಿಯಾಕ್ಕೆ ಜಾರಿಕೊಂಡಿತ್ತು. ಅಷ್ಟು ದೊಡ್ಡ ಸೈನ್ಯ ಸದ್ದು ಮಾಡದೆ ಬರುವುದಾದರೂ ಹೇಗೆ!

ಹಾಗಂತ ಅವರು ಬರಿಗೈಲಿ ಬರಲಿಲ್ಲ. ಇದನ್ನು ಚೆನ್ನಾಗಿ ಗಮನಿಸು. ಫೆಬ್ರವರಿ 28ರಂದು ಇದೇ 173ರವರಿಗೆ ನೆಲದಡಿ ಒಂದು ಫೋಟೋ ಲ್ಯಾಬ್ ಸಿಕ್ಕಿತು. ಅಲ್ಲಿ 120 ರೀಲು ಸಿನಿಮಾ ಫಿಲ್ಮ್ ಇತ್ತು. ಒಟ್ಟು ಕಾರ್ಯಾಚರಣೆಯಲ್ಲಿ ಸುಮಾರು ಐದು ಲಕ್ಷ ಪುಟ ಕಾಗದಪತ್ರ, 800 ಟನ್‌ಗೂ ಜಾಸ್ತಿ ಅಕ್ಕಿ ಸಿಕ್ಕಿತು. ಇಂಥದ್ದು ಓಡುವವನ ಕಣ್ಣಿಗೆ ಬೀಳುವುದಿಲ್ಲ.

ಅದಕ್ಕೂ ಒಂದು ವರ್ಷ ಮುಂಚೆ, 1966ರ ಜನವರಿಯಲ್ಲಿ, ಇದೇ ಬ್ರಿಗೇಡು ಸೈಗಾನ್ ಹತ್ತಿರದ ಕೂ ಚಿ ಕಡೆ ಹುಡುಕಾಟಕ್ಕೆ ಇಳಿದಿತ್ತು. ಗುಂಡು ಬರುತ್ತಿತ್ತು, ಹೊಡೆಯುವವನು ಕಾಣುತ್ತಿರಲಿಲ್ಲ. ಶತ್ರು ಅವರ ಬೂಟಿನ ಕೆಳಗೇ, ಸುರಂಗದಲ್ಲಿದ್ದ. ಸಾಮಾನ್ಯವಾಗಿ ಅಂಥ ಬಾಯಿ ಕಂಡರೆ ಹೊಗೆ ಹಾಕಿ, ಸ್ಫೋಟಿಸಿ ಮುಚ್ಚುತ್ತಿದ್ದರು. ಜೊತೆಗಿದ್ದ ಆಸ್ಟ್ರೇಲಿಯಾದ ಸ್ಯಾಪರ್‌ಗಳು ಟಾರ್ಚು, ಪಿಸ್ತೂಲು ಹಿಡಿದು ಒಳಗೇ ತೆವಳಿದರು. ಒಬ್ಬ ಕಾರ್ಪೊರಲ್ ಉಸಿರುಕಟ್ಟಿ ಒಳಗೇ ಸತ್ತ. ಆದರೆ ಅಲ್ಲೇನಿದೆ ಅಂತ ಗೊತ್ತಾದದ್ದು ಅವರಿಂದ. (ನಮ್ಮ ಸ್ಯಾಪರ್ ಜಾತಿಯವರೇ ಅಲ್ವಾ, ಸ್ವಲ್ಪ ಹೆಮ್ಮೆ ಪಟ್ಟರೆ ತಪ್ಪಿಲ್ಲ.)

ಆದ್ದರಿಂದ, ಮಗಾ, ಖಾಲಿ ಬಿಡಾರ ಸಿಕ್ಕಿತು ಅಂತ ಬೇಜಾರಾಗಿ ಮುಂದೆ ಹೋಗಬೇಡ. ಬೂದಿ ಎಷ್ಟು ಹಳೆಯದು? ಕಾಲುದಾರಿ ಯಾವ ಕಡೆ ಸವೆದಿದೆ? ಮಣ್ಣು ಎಲ್ಲಿ ಹೊಸದಾಗಿ ಕಾಣುತ್ತದೆ? ನಿಂತು ನೋಡು. ಕೈ ಮಾತ್ರ ಹಾಕಬೇಡ. ಎತ್ತಿದರೆ ಸಿಡಿಯುವ ವಸ್ತುವನ್ನೇ ಕಣ್ಣಿಗೆ ಬೀಳುವ ಹಾಗೆ ಬಿಟ್ಟು ಹೋಗಿರುತ್ತಾರೆ. ಹಿಂದಿನವನು ಬೇಗ ಬೇಗ ಅಂದರೆ ಅನ್ನಲಿ.

ಇನ್ನೊಂದು, ಲೆಕ್ಕದ ವಿಷಯ. ಜಂಕ್ಷನ್ ಸಿಟಿಯಲ್ಲಿ ಶತ್ರುಗಳು 2,728 ಜನ ಸತ್ತರು ಅಂತ ವರದಿ ಆಯಿತು. ಸಿಕ್ಕ ಆಯುಧಗಳು 600ರ ಆಸುಪಾಸು. ಬಂದೂಕು ಹೊತ್ತುಕೊಂಡು ಓಡಿದರು ಅಂತ ಹೇಳಬಹುದು, ಒಂದಷ್ಟು ನಿಜವೂ ಇರಬಹುದು. ಆದರೂ ನನಗೆ ಆ ಅಂತರ ಸರಿ ಕಾಣುವುದಿಲ್ಲ. ಆ ಯುದ್ಧದಲ್ಲಿ ಹೆಣದ ಸಂಖ್ಯೆಯಿಂದಲೇ ಗೆಲುವನ್ನು ಅಳೆಯುತ್ತಿದ್ದರು. ಮೇಲಿನವರಿಗೆ ಏನು ಬೇಕೋ ಅದು ಕೆಳಗಿನಿಂದ ಹುಟ್ಟಿಬಿಡುತ್ತದೆ. ಅಮೆರಿಕನ್ನರ ಕಡೆ ಸತ್ತ 282 ಹುಡುಗರ ಲೆಕ್ಕದಲ್ಲಿ ಮಾತ್ರ ಯಾರಿಗೂ ಅನುಮಾನ ಇಲ್ಲ. ನಾಳೆ ನಿನ್ನ ಸೆಕ್ಷನ್ ಕಮಾಂಡರ್ ಏನು ಕಂಡೆ ಅಂತ ಕೇಳಿದರೆ, ಕಂಡದ್ದಷ್ಟನ್ನೇ ಹೇಳು. ಏನೂ ಕಾಣಲಿಲ್ಲ ಅಂದರೆ 'ಏನೂ ಇಲ್ಲ ಸಾಬ್' ಅನ್ನು. ಬೈಸಿಕೊಂಡರೂ ಪರವಾಗಿಲ್ಲ. ನಿನ್ನ ಮಾತು ನಂಬಿಕೊಂಡು ಇನ್ನೊಬ್ಬ ಆ ದಾರಿಯಲ್ಲಿ ನಡೆಯುತ್ತಾನೆ.

ಹೊರಡುವ ಮುಂಚೆ ಒಂದು ಭಾನುವಾರ ಸಕಲೇಶಪುರಕ್ಕೆ ಬಾ. ತೋಟದಾಚೆಯ ಗುಡ್ಡದಲ್ಲಿ ಮ್ಯಾಪು, ಕಂಪಾಸು ಹಿಡಿದು ಹೆಜ್ಜೆ ಎಣಿಸಿ ದೂರ ಅಳೆಯುವುದನ್ನು ತೋರಿಸುತ್ತೇನೆ. ಸೆಂಟರಿನಲ್ಲೂ ಕಲಿಸುತ್ತಾರೆ, ಆದರೆ ಜಿಗಣೆ ಹತ್ತಿದ ಕಾಲಲ್ಲಿ ಎಣಿಕೆ ತಪ್ಪದಿರುವ ಅಭ್ಯಾಸ ಈಗಲೇ ಆಗಲಿ. ಬೂಟು ಹಾಕಿಕೊಂಡೇ ಬಾ, ಚಪ್ಪಲಿ ಬೇಡ. ದೊಡ್ಡಮ್ಮ ಕಡುಬು ಮಾಡುತ್ತಾಳಂತೆ.

ಇಂತಿ ನಿನ್ನ
ದೊಡ್ಡಪ್ಪ