ಸಚಿವರೇ, ನಮ್ಮ ಪುಸ್ತಕಗಳು ‘ಇತರೆ’ಯಲ್ಲಿ ಕೂತಿವೆ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ,

ನಮಸ್ಕಾರ. ಆಸ್ತಿ ತೆರಿಗೆ ಕಟ್ಟುವಾಗಲೆಲ್ಲ ಅದರ ಜೊತೆಗೆ ಶೇ 6ರಷ್ಟು ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದ ಕರ ಅದು. ಸ್ಥಳೀಯ ಸಂಸ್ಥೆಗಳು ವಸೂಲಿ ಮಾಡಿದ ದುಡ್ಡನ್ನು ಇಲಾಖೆಗೆ ಸರಿಯಾಗಿ ಕೊಡುವುದಿಲ್ಲ ಎಂಬ ತಕರಾರು ಹಳೆಯದು, ಅದನ್ನು ಸದ್ಯಕ್ಕೆ ಬಿಡೋಣ. ನಾನು ಬರೆಯುತ್ತಿರುವುದು ಇನ್ನೂ ಸಣ್ಣದೊಂದು ಸಂಗತಿಯ ಬಗ್ಗೆ. ಪುಸ್ತಕವನ್ನು ಕಂಪ್ಯೂಟರಿಗೆ ಏರಿಸುವಾಗ ‘ವಿಷಯ’ ಅನ್ನುವ ಖಾನೆಯಲ್ಲಿ ಏನು ಬರೆಯುತ್ತಾರೆ ಅನ್ನುವುದು.

ನಾನು ಹೋಗುವ ಒಂದು ಗ್ರಂಥಾಲಯದಲ್ಲಿ ಅಡಿಕೆಯ ಹಳದಿ ಎಲೆ ರೋಗದ ಪುಸ್ತಕ ಹುಡುಕಿದೆ. ಕ್ಯಾಟಲಾಗ್‌ನಲ್ಲಿ ‘ಅಡಿಕೆ’ ಅಂತ ಹೊಡೆದರೆ ಒಂದೂ ಬರಲಿಲ್ಲ. ಪುಸ್ತಕ ಮಾತ್ರ ಕಪಾಟಿನಲ್ಲೇ ಇತ್ತು. ನಮೂದು ತೆಗೆಸಿ ನೋಡಿದರೆ ವಿಷಯದ ಖಾನೆಯಲ್ಲಿ ‘ಸಸ್ಯರೋಗಶಾಸ್ತ್ರ’. ಪುಸ್ತಕದ ಹೆಸರನ್ನು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರು. ಈಗ ಎಲ್ಲ ಕಡೆ ಬಳಸುವ ಯೂನಿಕೋಡ್ ಅಕ್ಷರಗಳಲ್ಲಿ ಹುಡುಕಿದವರಿಗೆ ಅದು ಸಿಗುವುದೇ ಇಲ್ಲ. ಕೊಪ್ಪ, ಶೃಂಗೇರಿ ಕಡೆ ಈ ರೋಗಕ್ಕೆ ತೋಟ ಕಳೆದುಕೊಂಡವರು ಯಾರಾದರೂ ‘ಸಸ್ಯರೋಗಶಾಸ್ತ್ರ’ ಅಂತ ಹುಡುಕುತ್ತಾರಾ?

ಇಷ್ಟಾದರೂ ಆ ಪುಸ್ತಕಕ್ಕೆ ಒಂದು ವಿಷಯವಿತ್ತು. ಬೇಕಾದಷ್ಟು ಪುಸ್ತಕಗಳಿಗೆ ಆ ಖಾನೆಯಲ್ಲಿ ಇರುವುದು ‘ಇತರೆ’ ಅಷ್ಟೇ. ಪೌರಕಾರ್ಮಿಕರ ಬದುಕಿನ ಪುಸ್ತಕ ಇತರೆ. ತುಳುವಿನ ಜನಪದ ಕಥನಗೀತೆಗಳಾದ ಪಾಡ್ದನಗಳ ಸಂಗ್ರಹ ಇತರೆ. ಹುಡುಗಿಯರಿಗಾಗಿ ಮುಟ್ಟಿನ ಬಗ್ಗೆ ಬರೆದ ತೆಳ್ಳನೆಯ ಪುಸ್ತಕವೂ ಇತರೆ. ಸಿಗದಿದ್ದರೆ ಕೌಂಟರಿನಲ್ಲಿ ಕೇಳಬಹುದಲ್ಲ ಅಂತೀರಾ? ನಾನಾದರೆ ಕೇಳಿಬಿಡುತ್ತೇನೆ. ಹೈಸ್ಕೂಲು ಹುಡುಗಿ, ಹಿಂದೆ ನಾಲ್ಕು ಜನ ಗಂಡಸರು ಪೇಪರ್ ಓದುತ್ತಾ ಕೂತಿರುವಾಗ, ಬಾಯಿಬಿಟ್ಟು ಕೇಳುವುದಿಲ್ಲ. ಬಾಯಿಬಿಟ್ಟು ಕೇಳಲಾಗದವರಿಗೇ ಕ್ಯಾಟಲಾಗ್ ಜಾಸ್ತಿ ಬೇಕಾಗಿರುವುದು. ಪಂಡಿತರ ಪದ ಗೊತ್ತಿದ್ದವರಿಗೆ, ಗ್ರಂಥಪಾಲಕರ ಪರಿಚಯ ಇದ್ದವರಿಗೆ ಪುಸ್ತಕ ಹೇಗೋ ಸಿಗುತ್ತದೆ. ಕರ ಮಾತ್ರ ಎಲ್ಲರೂ ಕಟ್ಟುತ್ತಾರೆ.

ಇನ್ನೊಂದು ನಮೂದು ನೋಡಿ ನಿಜಕ್ಕೂ ಸಿಟ್ಟು ಬಂತು. ಅಲೆಮಾರಿ ಸಮುದಾಯವೊಂದರ ಬಗೆಗಿನ ಪುಸ್ತಕಕ್ಕೆ ಕೊಟ್ಟ ವಿಷಯ ‘ಅಪರಾಧಿ ಬುಡಕಟ್ಟುಗಳು’. ಬ್ರಿಟಿಷರು 1871ರಲ್ಲಿ ತಂದ ಕಾಯ್ದೆಯ ಭಾಷೆ ಅದು. ಆ ಕಾಯ್ದೆಯನ್ನು 1952ರಲ್ಲೇ ರದ್ದು ಮಾಡಿದ್ದೇವೆ. ಅದೇ ಸಮುದಾಯದ ಒಬ್ಬ ವಿದ್ಯಾರ್ಥಿನಿ ತನ್ನವರ ಚರಿತ್ರೆ ಹುಡುಕಿಕೊಂಡು ಬಂದರೆ ಪರದೆಯ ಮೇಲೆ ಕಾಣುವುದು ಇದೇ. ಟೈಪ್ ಮಾಡಿದವರನ್ನು ನಾನು ಬೈಯುತ್ತಿಲ್ಲ. ಕೈಗೆ ಒಂದು ಸರಿಯಾದ ಪಟ್ಟಿ ಕೊಡದೆ ಬೇಗ ಮುಗಿಸಿ ಅಂದರೆ ಯಾರಾದರೂ ಹಳೆಯ ಕಾರ್ಡಿನಲ್ಲಿ ಇದ್ದದ್ದನ್ನೇ ನಕಲು ಮಾಡುತ್ತಾರೆ.

ಇದು ನಮ್ಮಲ್ಲಿ ಮಾತ್ರ ಇರುವ ತೊಂದರೆಯಲ್ಲ. ಪುಸ್ತಕಗಳನ್ನು ವಿಷಯಕ್ಕೊಂದು ಸಂಖ್ಯೆ ಕೊಟ್ಟು ಜೋಡಿಸಲು ಅಮೆರಿಕದ ಗ್ರಂಥಪಾಲಕ ಮೆಲ್ವಿಲ್ ಡ್ಯೂಯಿ 1876ರಲ್ಲಿ ಮಾಡಿದ ವರ್ಗೀಕರಣದಲ್ಲಿ 220ರಿಂದ 289ರವರೆಗೆ ಬೈಬಲ್ ಮತ್ತು ಕ್ರೈಸ್ತ ಧರ್ಮ. ಉಳಿದ ಧರ್ಮಗಳೆಲ್ಲ 290ರೊಳಗೆ ಒತ್ತಿಕೊಂಡು ಕೂರಬೇಕು. ಇಂಗ್ಲಿಷ್ ಸಾಹಿತ್ಯಕ್ಕೆ 820 ಅಂದರೆ ಸಾಕು, ಕನ್ನಡಕ್ಕೆ 894.814 ಅನ್ನಬೇಕು. ಆ ಸಂಖ್ಯೆಗಳನ್ನು ಇಲ್ಲಿ ಕೂತು ಬದಲಿಸಲಾಗದು. ವಿಷಯ ಶೀರ್ಷಿಕೆ, ಅಂದರೆ ‘ವಿಷಯ’ದ ಖಾನೆಯಲ್ಲಿ ಬರೆಯುವ ಪದ, ಹಾಗಲ್ಲ, ಅದು ನಮ್ಮ ಕೈಯಲ್ಲೇ ಇದೆ.

ಅಮೆರಿಕದಲ್ಲಿ ನಡೆದದ್ದನ್ನು ನೋಡಿ. ದಾಖಲೆ ಇಲ್ಲದೆ ಆ ದೇಶದಲ್ಲಿ ನೆಲೆಸಿದವರ ಬಗೆಗಿನ ಪುಸ್ತಕಗಳಿಗೆ ಅಲ್ಲಿನ ಸಂಸತ್ತಿನ ದೊಡ್ಡ ಗ್ರಂಥಾಲಯ ಲೈಬ್ರರಿ ಆಫ್ ಕಾಂಗ್ರೆಸ್ ‘ಇಲ್ಲೀಗಲ್ ಏಲಿಯನ್ಸ್’ (ಅಕ್ರಮ ಪರಕೀಯರು) ಎಂಬ ಶೀರ್ಷಿಕೆ ಕೊಡುತ್ತಿತ್ತು. 2014ರಲ್ಲಿ ಡಾರ್ಟ್‌ಮೌತ್ ಕಾಲೇಜಿನ ವಿದ್ಯಾರ್ಥಿಗಳು ಅದನ್ನು ಬದಲಿಸಿ ಅಂತ ಕೇಳಿದರು. 2016ರಲ್ಲಿ ಗ್ರಂಥಾಲಯ ಒಪ್ಪಿತು. ಆಮೇಲೆ ಅಲ್ಲಿನ ಸಂಸತ್ತಿನ ಕೆಲವು ಸದಸ್ಯರು ಅಡ್ಡ ಬಂದರು, ಬದಲಾವಣೆ 2021ರವರೆಗೆ ಎಳೆಯಿತು. ಜನಪ್ರತಿನಿಧಿಯಾದ ನಿಮಗೆ ಇದನ್ನು ಸುಮ್ನೆ ಹೇಳುತ್ತಿಲ್ಲ. ಯಾವ ಪದ ಇರಬೇಕು ಅಂತ ನೀವೇ ತೀರ್ಮಾನಿಸಿ ಅಂತ ನಾನು ಕೇಳುತ್ತಿಲ್ಲ, ದಯವಿಟ್ಟು ಅದನ್ನು ಮಾಡಲೂ ಬೇಡಿ. ತೀರ್ಮಾನಿಸಬಲ್ಲವರನ್ನು ಒಟ್ಟಿಗೆ ಕೂರಿಸಿ, ಸಾಕು.

ಅಂಥವರಿಗೆ ಇಲ್ಲಿ ಬರವಿಲ್ಲ. ಓದುಗರ ಸಮಯ ಉಳಿಸಬೇಕು ಅನ್ನುವುದನ್ನೇ ಗ್ರಂಥಾಲಯದ ಒಂದು ಸೂತ್ರ ಮಾಡಿದ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಅವರು ಕಟ್ಟಿದ ಗ್ರಂಥಾಲಯ ವಿಜ್ಞಾನದ ಸಂಶೋಧನಾ ಕೇಂದ್ರ ಈಗಲೂ ಅಲ್ಲೇ ಇದೆ. ಆ ಕೇಂದ್ರದವರು, ನಿಮ್ಮ ಇಲಾಖೆಯ ಗ್ರಂಥಪಾಲಕರು, ರೈತರು, ಅಲೆಮಾರಿ ಸಮುದಾಯದವರು, ಅಂಗನವಾಡಿ ಕಾರ್ಯಕರ್ತೆಯರು ಸೇರಿ ಒಂದು ಕನ್ನಡ ವಿಷಯ ಶೀರ್ಷಿಕೆ ಪಟ್ಟಿ ಮಾಡಲಿ. ‘ಅಡಿಕೆ’ ಅಂತ ಹೊಡೆದರೂ ‘ಸಸ್ಯರೋಗಶಾಸ್ತ್ರ’ ಅಂತ ಹೊಡೆದರೂ ಅದೇ ಪುಸ್ತಕ ಬರಬೇಕು. ಅವಮಾನದ ಪದಗಳು ಪರದೆಯ ಮೇಲೆ ಕಾಣುವುದು ಬೇಡ. ಹಳೆಯ ಪದ ಹಾಕಿ ಹುಡುಕುವ ಸಂಶೋಧಕರನ್ನು ಒಳಗಿಂದಲೇ ಹೊಸ ಶೀರ್ಷಿಕೆಗೆ ಕಳಿಸಿದರಾಯಿತು, ಕಂಪ್ಯೂಟರಿಗೆ ಇದೇನು ಕಷ್ಟದ ಕೆಲಸವಲ್ಲ ಅಲ್ವಾ? ಪಟ್ಟಿಯನ್ನು ಎಲ್ಲರೂ ನೋಡುವಂತೆ ಪ್ರಕಟಿಸಿ. ತಪ್ಪು ಕಂಡರೆ ಹೇಳಲು ಓದುಗರಿಗೆ ಒಂದು ಜಾಗ ಇರಲಿ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿವೆ ಅಂತ ಅವನ್ನು ಹೊರಗಿಡಬೇಡಿ, ಅಲ್ಲಿಗೂ ಇದೇ ಪಟ್ಟಿ ಹೋಗಲಿ.

ಇಷ್ಟನ್ನೂ ಮುಂದಿನ ಪುಸ್ತಕ ಖರೀದಿಗೆ ಮೊದಲೇ ಶುರು ಮಾಡಿ. ಇಲ್ಲದಿದ್ದರೆ ಹೊಸದಾಗಿ ಕೊಳ್ಳುವ ಪುಸ್ತಕಗಳೂ ಹೋಗಿ ‘ಇತರೆ’ಯಲ್ಲೇ ಕೂರುತ್ತವೆ.

ಇಂತಿ,
ಸಾರ್ವಜನಿಕ ಗ್ರಂಥಾಲಯದ ಒಬ್ಬ ಸದಸ್ಯ