ದಾರಿಯಲ್ಲಿ ಹೋಗುವವನ ಪಾಲಿಸಿ

ಕಲಬುರಗಿ
ಭಾನುವಾರ ರಾತ್ರಿ

ಅವ್ವಾ,

ಬೀದರ್ ಬಸ್ಸು ಹತ್ತುವಾಗ ನೀನು ತಿರುಗಿ ನೋಡಲಿಲ್ಲ. ಅಲ್ಲಿ ನೀನು ಗುತ್ತಿಗೆ ಹಿಡಿದ ಕಟ್ಟಡದ ಇನ್ಶೂರೆನ್ಸ್ ಬಗ್ಗೆ ಊಟದ ಹೊತ್ತಿಗೆ ಆದ ಮಾತನ್ನು ಮತ್ತೆ ಬರೆಯುವುದಿಲ್ಲ, ಇಬ್ಬರಿಗೂ ನೆನಪಿದೆ. ನನ್ನ ದನಿ ಜಾಸ್ತಿ ಏರಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಆದರೆ ನೀನು ಕೊನೆಗೆ ಅಂದ ಒಂದು ಮಾತು ತಲೆಯಿಂದ ಹೋಗುತ್ತಿಲ್ಲ. "ಕೂಲಿಯವರಿಗೆ ಲೇಬರ್ ಪಾಲಿಸಿ ಮಾಡಿಸೀನಿ, ಸಾಕು. ಹೊರಗಿನವರಿಗೆ ಅಂತ ಇನ್ನೊಂದು ಪಾಲಿಸಿ ಮಾಲೀಕರೇ ಕೇಳಿಲ್ಲ, ನಾನ್ಯಾಕೆ ಸುಮ್ನೆ ದುಡ್ಡು ಹಾಕಲಿ?" ಅಂದೆ. ನಿನ್ನ ಸೋದರಮಾವನೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತಿದ್ದ.

ಮಾವ ಗುತ್ತಿಗೆ ಕೆಲಸ ಯಾಕೆ ಬಿಟ್ಟ ಅಂತ ನಿನಗೆ ಯಾರೂ ಸರಿಯಾಗಿ ಹೇಳಿಲ್ಲ. ಆಗ ನೀನು ತೀರ ಸಣ್ಣವಳು. ಶಹಾಬಜಾರ್ ಕಡೆ ಒಂದು ಮನೆಯ ಕೆಲಸ ನಡೆದಿತ್ತು. ಮೇಲಿನ ಮಹಡಿಗೆ ಶಹಾಬಾದ್ ಫರಸಿ ಕಲ್ಲು ಏರಿಸಿ, ಹೊರಗೆ ಚಾಚಿದ ಸಜ್ಜಾ ಮೇಲೆ ಗೋಡೆಗೆ ಒರಗಿಸಿ ಇಟ್ಟಿದ್ದರು. ಮಧ್ಯಾಹ್ನ ಗೌಂಡಿ, ಆಳುಗಳೆಲ್ಲ ಒಳಗೆ ರೊಟ್ಟಿ ಬಿಚ್ಚಿಕೊಂಡು ಕೂತಿದ್ದರು. ಆಗ ಒಂದು ಫರಸಿ ಜಾರಿತು. ಕೆಳಗೆ ನಮ್ಮವರು ಯಾರೂ ಇರಲಿಲ್ಲ. ಸೈಕಲ್ ಮೇಲೆ ಸೀರೆ ಮಾರುವವನೊಬ್ಬ ಬಿಸಿಲು ತಾಳದೆ ಸಜ್ಜಾದ ನೆರಳಿಗೆ ಬಂದು ನಿಂತಿದ್ದ. ಕಲ್ಲು ಅವನ ಮೊಣಕಾಲಿಗೆ ಬಿತ್ತು.

ಮಾವನಿಗೆ ಡಬ್ಬಿ ಕೊಡಲು ಹೋದ ನಾನು ಅಲ್ಲೇ ಇದ್ದೆ. ಸೈಕಲ್ ಅಡ್ಡ ಬಿದ್ದು ಸೀರೆಯ ಗಂಟು ಬಿಚ್ಚಿತ್ತು. ಸೀರೆಗಳೆಲ್ಲ ಸಿಮೆಂಟ್ ನೀರಿನಲ್ಲಿ ಬಿದ್ದಿದ್ದವು. ಆ ಮನುಷ್ಯ ತನ್ನ ಕಾಲು ನೋಡಿಕೊಳ್ಳಲಿಲ್ಲ. "ಸೀರೆ ಎತ್ರೀ, ಸಾಲದ ಸರಕು ಅದು" ಅಂತ ಕೂಗುತ್ತಿದ್ದ. ನಾನು ಒಂದೊಂದೇ ಎತ್ತಿ ಹಿಂಡಿದೆ. ಆಗ ನನಗೂ ಬೇರೇನೂ ತೋಚಲಿಲ್ಲ.

ಮೊದಲು ಇಲ್ಲಿನ ಆಸ್ಪತ್ರೆ, ಆಮೇಲೆ ಸೊಲ್ಲಾಪುರ. ಮಾವ ತನ್ನ ಲೇಬರ್ ಪಾಲಿಸಿ ಹಿಡಿದು ಇನ್ಶೂರೆನ್ಸ್ ಕಚೇರಿಗೆ ಹೋದ, ಜೊತೆಗೆ ನಾನೂ ಹೋಗಿದ್ದೆ. ಅವರು ಕೇಳಿದ ಮೊದಲ ಪ್ರಶ್ನೆಯೇ, "ಗಾಯ ಆದವರು ನಿಮ್ಮ ಕೂಲಿಯವರಾ?" ಅಲ್ಲ. "ಹಾಗಾದರೆ ಇದರಲ್ಲಿ ಬರೋದಿಲ್ಲ." ಅವರ ಮಾತು ಸರಿಯೇ ಇತ್ತು. ಲೇಬರ್ ಪಾಲಿಸಿ ಬಂದದ್ದು ಕೂಲಿಯವರ ಪರಿಹಾರಕ್ಕಾಗಿ, 1923ರ ಕಾನೂನಿನ ಕಾಲದಿಂದಲೂ ಅದು ಹಾಗೇ. ದಾರಿಯಲ್ಲಿ ಹೋಗುವವನಿಗೆ ಅದರಲ್ಲಿ ಜಾಗವಿಲ್ಲ. ಕೇಸು ಕೋರ್ಟಿಗೆ ಹೋಯಿತು. ಮಾವನ ಪ್ಲಾಟು ಹೋಯಿತು.

ನಿನ್ನ ಸ್ಕೂಟಿಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇಲ್ಲದೆ ರಸ್ತೆಗೆ ಇಳಿಯುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯಲ್ಲೇ ಅದು ಕಡ್ಡಾಯ. ನೀನೀಗ ಹಿಡಿದಿರುವಂಥ ಸಣ್ಣ ಕಟ್ಟಡದ ಕೆಲಸಕ್ಕೆ ಅಂಥ ಒತ್ತಾಯ ಇಲ್ಲ. ಇಲ್ಲ ಅಂತಲೇ ಜನ ಬಿಡುತ್ತಾರೆ. ನಿನ್ನ ಕೆಲಸ ಇರುವುದು ಬೀದರಿನ ಚೌಬಾರಾ ಗೋಪುರದ ಹತ್ತಿರದ ಗಲ್ಲಿಯಲ್ಲಿ. ಗೋಡೆಗೆ ಭುಜ ತಾಗಿಸಿಕೊಂಡೇ ಜನ ಓಡಾಡುವ ಜಾಗ ಅದು. ಪಕ್ಕದಲ್ಲೇ ಅಂಗಡಿ ಬೇರೆ.

ನಾಳೆ ಏಜೆಂಟ್ ಹತ್ತಿರ ಹೋಗು. ಪಬ್ಲಿಕ್ ಲಯಬಿಲಿಟಿ, ಅಂದರೆ ಹೊರಗಿನವರಿಗಾದ ಹಾನಿಯ ಹೊಣೆ, ಅಂತ ಅಷ್ಟೇ ಹೇಳಿ ಸಹಿ ಹಾಕಬೇಡ. ಆ ಹೆಸರಿನಲ್ಲಿ 1991ರ ಒಂದು ಕಾಯ್ದೆ ಇದೆ. ಭೋಪಾಲ್ ದುರಂತ ಆದಮೇಲೆ ಬಂದದ್ದು, ವಿಷಾನಿಲ, ರಾಸಾಯನಿಕದಂಥ ಅಪಾಯದ ವಸ್ತು ಇಟ್ಟುಕೊಂಡವರಿಗೆ. ಆ ಕಾಯ್ದೆಯ ಪಾಲಿಸಿ ನಿನಗೆ ಬೇಕಾದದ್ದಲ್ಲ. ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್ ಅಂತ ಕೇಳು. ಅದರಲ್ಲಿ ಎರಡು ಭಾಗ. ಮೊದಲನೆಯದು ನೀನು ಕಟ್ಟುತ್ತಿರುವುದಕ್ಕೆ ಆಗುವ ಹಾನಿಗೆ. ಎರಡನೆಯದು ನಿನ್ನ ಕೆಲಸದಿಂದ ಹೊರಗಿನವರ ಮೈಗೆ ಪೆಟ್ಟಾದರೆ, ಅವರ ಆಸ್ತಿ ಹಾಳಾದರೆ ಕೊಡಬೇಕಾದ ಪರಿಹಾರಕ್ಕೆ. ನನ್ನ ಕಣ್ಣು ಇರುವುದೆಲ್ಲ ಆ ಎರಡನೆಯ ಭಾಗದ ಮೇಲೆ. ಅದರಲ್ಲಿ ಒಂದು ಅಪಘಾತಕ್ಕೆ ಎಷ್ಟು, ಒಟ್ಟು ಎಷ್ಟು ಅಂತ ಮಿತಿ ಬರೆದಿರುತ್ತಾರೆ. ಮೊದಲು ನಿನ್ನ ಕೈಯಿಂದ ಹೋಗುವ ಮೊತ್ತಕ್ಕೆ ಎಕ್ಸೆಸ್ ಅಂತಾರೆ. ಪ್ರೀಮಿಯಂ ಕಡಿಮೆ ಅಂತ ಎಕ್ಸೆಸ್ ದೊಡ್ಡದು ಮಾಡಿಕೊಂಡರೆ ಸಣ್ಣಪುಟ್ಟದ್ದೆಲ್ಲ ನಿನ್ನ ಮೇಲೆಯೇ ಬರುತ್ತದೆ. ಪಕ್ಕದ ಅಂಗಡಿಯೂ ಅದೇ ಮಾಲೀಕರದ್ದಾದರೆ ಅದನ್ನು ಬೇರೆಯಾಗಿ ಹೇಳಿ ಸೇರಿಸಿಕೊಳ್ಳಬೇಕಾಗುತ್ತದೆ. ಅವಧಿಯನ್ನೂ ನೋಡು. ಮಳೆ, ಸಾಮಾನು ಅಂತ ಕೆಲಸ ಎಳೆದರೆ ಪಾಲಿಸಿ ತಾನಾಗಿ ಮುಂದೆ ಹೋಗುವುದಿಲ್ಲ, ಮುಗಿಯುವ ಮೊದಲೇ ಅವಧಿ ಹೆಚ್ಚಿಸಿಕೊಳ್ಳಬೇಕು. ನೋಡು, ಪಾಠ ಮಾಡಬಾರದು ಅಂದುಕೊಂಡೇ ಕೂತಿದ್ದೆ, ಮಾಡುತ್ತಲೇ ಇದ್ದೇನೆ. ಇರಲಿ, ಓದು.

ಆ ಸೀರೆಯವನ ಹಾಸಿಗೆಯ ಹತ್ತಿರ ನಿಂತು ಮಾವ ಕೈ ಮುಗಿದು "ತಪ್ಪು ನನ್ನದೇ, ಪೂರಾ ನಾನೇ ನೋಡಿಕೊಳ್ಳುತ್ತೀನಿ" ಅಂತ ಕಾಗದದ ಮೇಲೆ ಬರೆದುಕೊಟ್ಟ. ಅವನ ಮನಸ್ಸು ದೊಡ್ಡದು. ಆದರೆ ಪಾಲಿಸಿ ಇದ್ದಿದ್ದರೆ ಆ ಕಾಗದವೇ ತೊಡಕಾಗುತ್ತಿತ್ತು. ಕಂಪನಿಯ ಒಪ್ಪಿಗೆ ಇಲ್ಲದೆ ತಪ್ಪು ಒಪ್ಪಿಕೊಳ್ಳಬಾರದು, ಇಷ್ಟು ಕೊಡುತ್ತೇನೆ ಅಂತ ಮಾತು ಕೊಡಬಾರದು ಅಂತ ಷರತ್ತು ಇರುತ್ತದೆ. ಈ ಷರತ್ತು ಓದಿದಾಗ ನನಗೆ ಕಸಿವಿಸಿ ಆಗಿತ್ತು. ಈಗ ನನಗೆ ಅನ್ನಿಸುವುದು ಇಷ್ಟು: ಯಾರಿಗಾದರೂ ಪೆಟ್ಟಾದರೆ ಗಾಡಿ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋಗು, ಮನೆಯವರು ಬರುವ ತನಕ ಪಕ್ಕದಲ್ಲಿ ಕೂತುಕೋ, ಊಟ ತರಿಸು. ಅದಕ್ಕೆ ಯಾವ ಪಾಲಿಸಿಯೂ ಬೇಡ ಅನ್ನುವುದಿಲ್ಲ. ಸಹಿ ಮಾತ್ರ ಹಾಕಬೇಡ. ಅದೇ ದಿನ ಕಂಪನಿಗೆ ಬರಹದಲ್ಲಿ ತಿಳಿಸು, ಫೋಟೋ ತೆಗೆದಿಡು.

ಇನ್ನೊಂದು ವಿಷಯ. ನನಗೆ ನಿದ್ದೆ ಬಾರದೇ ಇರುವುದು ನಿಜವಾಗಿ ಇದಕ್ಕೇ. ಕೆಲಸಕ್ಕೆ ಬರುವ ಹೆಣ್ಣುಮಕ್ಕಳು ಕೂಸುಗಳನ್ನೂ ಕರೆದುಕೊಂಡು ಬರುತ್ತಾರೆ. ಸೀರೆಯ ಜೋಳಿಗೆ ಕಟ್ಟಿ ಒಂದನ್ನು ಮಲಗಿಸಿ, ಇನ್ನೊಂದನ್ನು ಮರಳಲ್ಲಿ ಆಡಲು ಬಿಡುತ್ತಾರೆ. ಆ ಮಕ್ಕಳು ಕೂಲಿಯವರಲ್ಲ, ಹಾಗಾಗಿ ಲೇಬರ್ ಪಾಲಿಸಿಯಲ್ಲಿ ಇಲ್ಲ. ಹೊರಗಿನವರು ಅಂತಲೂ ಲೆಕ್ಕವಿಲ್ಲ, ಯಾಕೆಂದರೆ ಆ ಎರಡನೆಯ, ಥರ್ಡ್ ಪಾರ್ಟಿ ಭಾಗದಲ್ಲಿ ಸಾಮಾನ್ಯವಾಗಿ ಕೂಲಿಯವರನ್ನೂ ಅವರ ಮನೆಯವರನ್ನೂ ಹೊರಗಿಟ್ಟೇ ಬರೆದಿರುತ್ತಾರೆ. ಎರಡರ ನಡುವೆ ಉಳಿಯುವುದು ಆ ಕೂಸುಗಳೇ. ಇದಕ್ಕೆ ಈ ಎರಡು ಪಾಲಿಸಿಗಳಲ್ಲಿ ದಾರಿ ಇಲ್ಲ. ಸಜ್ಜಾ, ಸೆಂಟ್ರಿಂಗ್ ಯಾವುದರ ಕೆಳಗೂ ಬಾರದ ಹಾಗೆ ದೂರದಲ್ಲಿ ಒಂದು ತಗಡಿನ ನೆರಳು ಮಾಡಿಸು. ನೋಡಿಕೊಳ್ಳಲು ಒಬ್ಬ ಅಜ್ಜಿಗೆ ದಿನಗೂಲಿ ಕೊಟ್ಟು ಕೂರಿಸು. ಆ ಕೂಲಿಯನ್ನು ಎಸ್ಟಿಮೇಟಿನಲ್ಲಿ ಸೇರಿಸು.

ನಿನ್ನ ಹೆಸರಿನ ವರ್ಕ್ ಆರ್ಡರ್ ಒಂದು ಝೆರಾಕ್ಸ್ ಮಾಡಿಸಿ ಇಟ್ಟುಕೊಂಡಿದ್ದೇನೆ. ನಿನ್ನೆ ಇಬ್ಬರಿಗೆ ತೋರಿಸಿದೆ. ನಿನ್ನ ಅವ್ವ ಬೈದಳು, ಆಮೇಲೆ ಅವಳೇ ಪಕ್ಕದ ಮನೆಗೆ ಒಯ್ದಳು. ರೇಟು ಕಡಿಮೆ ಹಾಕಿ ಕೆಲಸ ಹಿಡಿದೆ, ಈಗ ಪ್ರೀಮಿಯಂ ಕೊಟ್ಟರೆ ಲಾಭ ಉಳಿಯುವುದಿಲ್ಲ ಅನ್ನುವುದು ನಿನ್ನ ಚಿಂತೆ, ಅಲ್ವಾ? ಈ ಸಲದ ಪ್ರೀಮಿಯಂ ನನ್ನ ಪೆನ್ಷನ್‌ನಿಂದ ಹೋಗಲಿ. ಸಾಲ ಅಂತ ಬರೆದುಕೋ, ಮುಂದಿನ ಬಿಲ್ಲಿನಲ್ಲಿ ತೀರಿಸು. ಪಾಲಿಸಿ ಕೈಗೆ ಬಂದ ಕೂಡಲೇ ಮೊದಲ ಪುಟ ಮಾತ್ರ ಅಲ್ಲ, ಸಣ್ಣ ಅಕ್ಷರದ ಷರತ್ತುಗಳನ್ನೂ ಫೋಟೋ ತೆಗೆದು ಕಳಿಸು. ರಾತ್ರಿ ಫೋನಿನಲ್ಲಿ ಇಬ್ಬರೂ ಕೂಡಿ ಓದೋಣ. ಅಲ್ಲಿಯವರೆಗೆ ಗಲ್ಲಿಯ ಕಡೆ ಗೋಡೆ ಮುಟ್ಟಬೇಡ, ಒಳಗಿನ ಕೆಲಸ ಮಾಡಿಸುತ್ತಿರು.

ನಿನ್ನ
ಅಪ್ಪ